ಅಲ್ಪ ವೆಚ್ಚದ ನಾಣ್ಯಸಂಗ್ರಹ

ಹಳೆಯ ನಾಣ್ಯಗಳ ಸಂಗ್ರಹವು ಸಿರಿವಂತರಿಗೆ ಮಾತ್ರ ಸಲ್ಲುವುದೆಂಬ ಭಾವನೆ ಅನೇಕ ಮನೆಗಳಲ್ಲಿದೆ. ನಾವು ಇದನ್ನು ಒಪ್ಪೆವು. ಚಿನ್ನದ ವರಾಹವನ್ನು ಬಯಸುವವನಿಗೆ ಹಣ ಬೇಕು. ಅಜ್ಜಿಯ ಪೆಟ್ಟಿಗೆಯನ್ನು ತೆರೆಯುವವನಿಗೆ ತಾಳ್ಮೆಯೊಂದಿದ್ದರೆ ಸಾಕು.

1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅನಂತರ ರೂಪಾಯಿಗೆ 100 ನಯಾಪೈಸೆ. 1964ರಲ್ಲಿ 'ನಯಾ' ಎಂಬ ಪದವನ್ನು ಕೈಬಿಡಲಾಯಿತು. ಚೌಕಾಕಾರದ ಎರಡಾಣೆ, ಅಂಚು ಅಲೆಯಲೆಯಾದ ಒಂದಾಣೆ, ನಯಾಪೈಸೆ, ಪೈಸೆ, ಇಷ್ಟನ್ನು ಇಸವಿಯ ಕ್ರಮದಲ್ಲಿ ಜೋಡಿಸಿದರೂ ಒಂದು ಯುಗದ ಲೆಕ್ಕವೇ ಕಣ್ಣಮುಂದೆ ನಿಲ್ಲುವುದು.

ತಾಯಂದಿರಲ್ಲಿ ಒಂದು ವಿನಂತಿ. ಪೂಜಾಪಾತ್ರೆಯಂತೆ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬಾರದು. ಕಾಲವು ಲೇಪಿಸಿದ ಬಣ್ಣ ಹೋದರೆ ಅದರ ಬೆಲೆಯೂ ಕುಗ್ಗುವುದು. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ತೇವ ತಾಗದಂತೆ ಕಾಪಾಡಬೇಕು.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂದು ಹೇಳಿ ಮುಂಗಡ ಶುಲ್ಕ ಕೇಳುವವರನ್ನು ನಂಬಲಾಗದು. ತನ್ನ ಹೆಸರಿನಲ್ಲಿ ನಡೆಯುವ ಇಂತಹ ವಂಚನೆಯ ಕುರಿತು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ.

ಆಣೆಯಲ್ಲಿ ವ್ಯವಹರಿಸಿದ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಒಂದಾಣೆಗೆ ಅಂದು ಏನು ಬರುತ್ತಿತ್ತೆಂದು ಮಕ್ಕಳು ಅವರನ್ನೇ ಕೇಳಿ ಲಕೋಟೆಯ ಮೇಲೆ ಬರೆದಿಡಲಿ. ನಾಣ್ಯ ನಾಳೆಯೂ ದೊರೆತೀತು; ಆ ಮಾತು ದೊರೆಯದು.