ಮೂಳೆ ಕೂಡಿದರೆ ಸಾಕೇ? ಕಾಲು ನಿಲ್ಲಬೇಡವೇ?

ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಇಳಿಯುವುದು ಜನರ ಹಳೇ ಚಾಳಿ. ಕೆಳಗಿನ ಹೊಂಡಕ್ಕೆ ಕಾಲಿಟ್ಟವನ ಪಾದ ಹೊರಳುತ್ತದೆ, ‘ಟಕ್’ ಅಂತ ಸದ್ದಾಗುತ್ತದೆ. ಸುತ್ತ ನಿಂತವರ ತೀರ್ಪು ಕೂಡಲೇ ಸಿದ್ಧ: “ಏನೂ ಇಲ್ಲ ಕಣ್ರೀ, ಉಳುಕಿದೆ ಅಷ್ಟೆ. ಎಣ್ಣೆ ಹಚ್ಚಿ ತಿಕ್ಕಿಸಿ, ಸರಿಹೋಗುತ್ತೆ.”

ಸರಿಹೋಗದಿದ್ದರೆ? ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ನಿಲ್ಲುವ ಅಂಗಡಿಯವನಿಗೆ ಕಾಲೇ ಬಂಡವಾಳ.

ಉಳುಕೋ ಮುರಿತವೋ ಎಂಬ ಅನುಮಾನಕ್ಕೆ ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲೇ ಸುಲಭದ ಸೂತ್ರ ಕೊಟ್ಟಿದ್ದಾರೆ. ಗಿಣ್ಣಿನ ಸುತ್ತ ನೋವಿದ್ದು, ಪೆಟ್ಟಾದ ಕೂಡಲೇ ಹಾಗೂ ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಎಕ್ಸ್‌ರೇ ಬೇಕೇ ಬೇಕು. ಒಳಗಿನ ಅಥವಾ ಹೊರಗಿನ ಗಿಣ್ಣಿನ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ಮೂಳೆ ನೊಂದರೂ ಬೇಕು. ತಿಕ್ಕುವವರ ಮನೆಗೆ ಹೋಗತಕ್ಕದ್ದಲ್ಲ.

ಆದರೆ ಅಸಲು ತಕರಾರು ಇರುವುದು ಎಕ್ಸ್‌ರೇ ತೆಗೆದ ಮೇಲಿನ ಕಥೆಯಲ್ಲಿ. ಅದಕ್ಕೆ ಕಾಣುವುದು ಮೂಳೆ. ಮೂಳೆಗೆ ಮೂಳೆಯನ್ನು ಬಿಗಿದಿರುವ ನಾರು, ಡಾಕ್ಟರ ಬಾಯಲ್ಲಿ ಲಿಗಮೆಂಟು, ಕಾಣುವುದಿಲ್ಲ. ಹೊರಗಿನ ಮೂಳೆ ಮುರಿದ ಏಟಿಗೇ ಒಳಬದಿಯ ನಾರೂ ಹರಿದಿರಬಹುದು. ಮಲಗಿಸಿ ತೆಗೆದ ಚಿತ್ರದಲ್ಲಿ ಎಲ್ಲಾ ನೆಟ್ಟಗೇ ಇದ್ದಂತೆ ತೋರಬಹುದು. “ಸಣ್ಣ ಬಿರುಕು, ಆರು ವಾರ ಪಟ್ಟಿ” ಎಂದು ಕಳಿಸಿದರೆ ರೋಗಿಯೂ ಖುಷಿ, ಖರ್ಚೂ ಕಮ್ಮಿ. ಮುಂದೆ ಭಾರ ಬಿದ್ದಾಗ ಕೀಲಿನ ನಡುವಿನ ಮೂಳೆ ಹೊರಕ್ಕೆ ಜರುಗಿದರೆ? ಬರೀ ಒಂದು ಮಿಲಿಮೀಟರ್ ಜರುಗಿದರೂ ಕೀಲಿನೊಳಗೆ ತಾಗುವ ಜಾಗ ಸರಾಸರಿ ಶೇಕಡಾ 42ರಷ್ಟು ಕುಗ್ಗುತ್ತದೆಂದು ರಾಮ್ಸೆ, ಹ್ಯಾಮಿಲ್ಟನ್ ಎಂಬ ವೈದ್ಯರು 1976ರಲ್ಲಿ ಶವದ ಕಾಲುಗಳ ಮೇಲೆ ಪ್ರಯೋಗ ಮಾಡಿ ಬರೆದರು. ಉಳಿದಷ್ಟು ಜಾಗದ ಮೇಲೆ ಮೈಭಾರವೆಲ್ಲ ಬಿದ್ದರೆ ಕೀಲು ಸವೆಯದೆ ಏನಾದೀತು?

ಇದನ್ನು ಹಿಡಿಯಲು ಹೊಸ ಯಂತ್ರವೇನೂ ಬೇಡ. ಪೆಟ್ಟಾದ ಮಗ್ಗುಲಿಗೇ ರೋಗಿಯನ್ನು ಮಲಗಿಸಿ, ಪಾದವನ್ನು ಮೇಜಿನ ಅಂಚಿನಾಚೆ ಇಳಿಬಿಟ್ಟು ಇನ್ನೊಂದು ಚಿತ್ರ ತೆಗೆದರಾಯಿತು. ಒಳಸಂದು ಹಿಗ್ಗಿದರೆ ನಾರಿನ ಮೇಲೆ ಅನುಮಾನ. ಹಿಗ್ಗಿದ್ದಕ್ಕೆಲ್ಲ ಆಪರೇಷನ್ನೇ ಆಗಬೇಕೆಂದಿಲ್ಲ. ವಾರದ ನಂತರ, ಡಾಕ್ಟರು ಒಪ್ಪಿದರೆ ಮಾತ್ರ, ಕಾಲಿನ ಮೇಲೆ ನಿಲ್ಲಿಸಿ ಮತ್ತೊಂದು ತೆಗೆದು ನಿರ್ಧರಿಸಬಹುದು. ಎಂ.ಆರ್.ಐ. ಹರಿದ ನಾರನ್ನು ತೋರಿಸುತ್ತದೆ, ಸರಿ. ನಿಂತಾಗ ಕೀಲು ತಡೆಯುತ್ತದೋ ಇಲ್ಲವೋ ಅದಕ್ಕೆ ಗೊತ್ತಾಗದು. ಎಲ್ಲರೂ ಸಾಲ ಮಾಡಿ ಅದಕ್ಕೇ ಓಡಬೇಕಿಲ್ಲ.

ಆಪರೇಷನ್ ಆಗಲೇಬೇಕಾದವರ ಪಾಡೂ ಪ್ಲೇಟು, ಸ್ಕ್ರೂಗೇ ಮುಗಿಯುವುದಿಲ್ಲ. ಗಿಣ್ಣಿನ ಮೇಲುಗಡೆ ಎರಡು ಮೂಳೆಗಳನ್ನು ಜೋಡಿಸುವ ನಾರೂ ಹರಿದಿರಬಹುದು. ಪ್ಲೇಟು ಹಾಕಿದ ಮೇಲೆ, ಹೊಲಿಗೆಗೆ ಮುನ್ನ, ಹೊರಮೂಳೆಯನ್ನು ಕೊಕ್ಕೆಯಿಂದ ಎಳೆದು ಪರದೆಯ ಮೇಲೆ ನೋಡಬೇಕು. ಸಂದು ಬಿಟ್ಟುಕೊಂಡರೆ ಅಡ್ಡ ಸ್ಕ್ರೂ, ಇಲ್ಲವೇ ಎರಡೂ ತುದಿಗೆ ಗುಂಡಿಯಿರುವ ಗಟ್ಟಿ ದಾರ ಹಾಕಿ ಬಿಗಿಯುತ್ತಾರೆ. ಒಳಬದಿಯ ನಾರನ್ನು ಎಲ್ಲರಿಗೂ ಹೊಲಿಯಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಮೂಳೆ ಸರಿಪಡಿಸಿದ ಮೇಲೂ ಕೀಲು ತನ್ನ ಜಾಗಕ್ಕೆ ಕೂರದಿದ್ದರೆ ಮಾತ್ರ ಒಳಬದಿಯನ್ನು ಬಿಚ್ಚಿ ನೋಡಲೇಬೇಕು.

ರೋಗಿ ಬಾಯಿಬಿಟ್ಟು ಕೇಳಲಿ: “ಸಾರ್, ನಾರು ನೋಡಿದ್ರಾ?” ಕೇಳಿದರೆ ಸಿಡುಕುವ ಡಾಕ್ಟರೂ ಇದ್ದಾರು, ಸಿಡುಕಲಿ. ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರವಿದ್ದ ಮೇಲೆ, ಮೇಜೂ ಇದ್ದ ಮೇಲೆ, ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಲು ಯಾರ ಅಪ್ಪಣೆ ಬೇಕು?