ಗೌರಿಬಿದನೂರಿನ ಗೀಟು, ಪರಪಂಚದ ಜಗಳ

2021ರ ಡಿಸೆಂಬರ್ 22ರ ಬೆಳಿಗ್ಗೆ ಏಳರ ಸುಮಾರಿಗೆ ಚಿಕ್ಕಬಳ್ಳಾಪುರದ ಕಡೆ ಹಳ್ಳಿಗಳಲ್ಲಿ ನೆಲ ಎರಡು ಸಲ ಅದುರಿತು. ಅಳತೆ 2.9 ಮತ್ತು 3.0 ಅಂತ ಅಧಿಕಾರಿಗಳು ಹೇಳಿದರು. ಭೂಕಂಪವೋ, ಕ್ವಾರಿಯವರ ಮದ್ದೋ ಅಂತ ಜನ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತಿದ್ದರು.

ತಮಾಷೆ ನೋಡಿ. ಯಾವುದು ಸ್ಫೋಟ, ಯಾವುದು ಭೂಕಂಪ ಅಂತ ಬೇರೆ ಮಾಡಿ ಹೇಳುವುದನ್ನೇ ಕಸುಬು ಮಾಡಿಕೊಂಡ ಕೇಂದ್ರವೊಂದು ಇದೇ ಜಿಲ್ಲೆಯ ಗೌರಿಬಿದನೂರಲ್ಲಿ 1965ರಿಂದ ಇದೆ. ಬಸ್ಸಲ್ಲಿ ದಿನಾ ಓಡಾಡುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಆದ ಈ ಕೇಂದ್ರ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಸೇರಿದ್ದು. ಕೆಲಸ, ದೊಡ್ಡ ದೇಶಗಳು ನೆಲದೊಳಗೆ ಗುಟ್ಟಾಗಿ ಸಿಡಿಸುವ ಅಣುಬಾಂಬನ್ನು ಕಿವಿಗೊಟ್ಟು ಕೇಳುವುದು. ಗಟ್ಟಿ ಬಂಡೆಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಎರಡು ಸಾಲು, ಒಟ್ಟು 20 ಮಾಪಕ. ಒಂದೊಂದಕ್ಕೂ ಅಲೆ ಚೂರು ಹಿಂದೆಮುಂದೆ ತಲುಪುತ್ತೆ. ಆ ವ್ಯತ್ಯಾಸ ಕೂಡಿಸಿ ನೋಡಿದರೆ ಲಾರಿ, ಗಾಳಿಯ ಗದ್ದಲ ಕಳೆದು ಹೋಗಿ, ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುತ್ತೆ. ಬಾಂಬು ಎಲ್ಲ ಕಡೆಗೂ ಒಂದೇ ಸಲ ತಳ್ಳುತ್ತೆ; ಭೂಕಂಪದಲ್ಲಿ ಬಂಡೆ ಒಂದರ ಮೇಲೊಂದು ಜಾರುತ್ತೆ. ಗೀಟು ಬೇರೆ ಬೇರೆ ಬೀಳುತ್ತೆ.

1998ರ ಮೇ 11ರಂದು ಪೋಖ್ರಾನ್‌ನಲ್ಲಿ ಭಾರತವೇ ಬಾಂಬು ಸಿಡಿಸಿದಾಗ ಈ ಗೀಟಿಗೆ ಬೆಲೆ ಬಂತು. ದೊಡ್ಡ ಎರಡು ಸೇರಿ ಸುಮಾರು 60 ಕಿಲೋಟನ್ ಅಂತ ಸರ್ಕಾರದ ಲೆಕ್ಕ. ಅಷ್ಟಿಲ್ಲ, ತೀರ ಕಡಿಮೆ ಅಂತ ಅಮೆರಿಕದ ಟೆರ್ರಿ ವ್ಯಾಲೇಸ್ ಮುಂತಾದವರು ಬರೆದರು. ಭಾಭಾ ಕೇಂದ್ರದ ಎಸ್.ಕೆ. ಸಿಕ್ಕಾ, ಫಾಲ್ಗುಣಿ ರಾಯ್, ಜಿ.ಜೆ. ನಾಯರ್ ಉತ್ತರ ಕೊಟ್ಟರು. ಎಲ್ಲಿ? ಬೆಂಗಳೂರಿನಿಂದಲೇ 1932ರಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, 1998ರಿಂದ 2000ದವರೆಗೆ ಒಂದರ ಹಿಂದೊಂದು. 1974ರ ಪೋಖ್ರಾನ್ ಗೀಟಿಗೂ 1998ರ ಗೀಟಿಗೂ ಗೌರಿಬಿದನೂರಲ್ಲೇ ತಾಳೆ ಹಾಕಿದ್ದು ಅವರ ಒಂದು ದೊಡ್ಡ ಸಾಕ್ಷಿ. ಆದರೂ ಜಗಳ ಮುಗಿಯಲಿಲ್ಲ. 2009ರಲ್ಲಿ ಪರೀಕ್ಷೆಯ ತಂಡದಲ್ಲೇ ಇದ್ದ ಕೆ. ಸಂತಾನಂ ಹೈಡ್ರೋಜನ್ ಬಾಂಬಿನ ಬಗ್ಗೆ ಅನುಮಾನ ಎತ್ತಿದರು, ಸರ್ಕಾರ ತಳ್ಳಿಹಾಕಿತು.

ವಿಜ್ಞಾನಿಯ ತೂಕ ಅಳೆಯಲು ಈಗ ಒಂದು ತಕ್ಕಡಿ ಬಂದಿದೆ. ಎಷ್ಟು ಲೇಖನ ಬರೆದ, ಅದನ್ನು ಬೇರೆಯವರು ಎಷ್ಟು ಸಲ ಹೆಸರಿಸಿದರು ಅಂತ ಎಣಿಕೆ. ಈ ತಕ್ಕಡಿ ಸ್ವಲ್ಪ ಮೋಸದ್ದೇ. ಒಪ್ಪಿದವನೂ ಹೆಸರು ಹೇಳುತ್ತಾನೆ, ಬೈಯುವವನೂ ಹೇಳುತ್ತಾನೆ. ಎರಡಕ್ಕೂ ಒಂದೇ ಅಂಕ. ಪೋಖ್ರಾನ್ ಲೇಖನಗಳಂಥ ಜಗಳದ ಬರಹಕ್ಕೆ ಅಂಕ ಎಷ್ಟು ಬಿದ್ದರೂ ಲೆಕ್ಕ ಸರಿಯೋ ತಪ್ಪೋ ಅದರಿಂದ ತಿಳಿಯೋದಿಲ್ಲ. ಇನ್ನು ಸರ್ಕಾರದ ಫೈಲಿನೊಳಗೇ ಉಳಿಯುವ ವರದಿಗೆ ಅಂಕವೇ ಇಲ್ಲ. ಹೊತ್ತಲ್ಲದ ಹೊತ್ತಲ್ಲಿ ಯಂತ್ರ ಕೆಡದಂತೆ ನೋಡಿಕೊಂಡವನ ಹೆಸರು ಲೇಖನದ ಮೇಲೆ ಬರೋದೂ ಅಪರೂಪ.

ಇಂಥ ಎಣಿಕೆಗೆ ಬಾರದ ಕೆಲಸ ಏನು ಅಂತ ತೋರಿಸಿಕೊಟ್ಟವರು ಇದೇ ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯ. ಅಮೆರಿಕದಲ್ಲಿ ಅಣು ಭೌತವಿಜ್ಞಾನ ಓದಿ ಡಾಕ್ಟರೇಟ್ ತಂದವರು, ಬಂದು ಮಾಡಿದ್ದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ. ಸಾಮಾನ್ಯ ಜನರೂ ಬಂದು ಕೂತು ವಿಜ್ಞಾನ ಕೇಳಲಿ ಅಂತ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ಬಂದಿದ್ದು ಅವರಿಂದಲೇ.

ಬಾಂಬಿನ ಗುಟ್ಟು ಗುಟ್ಟಾಗೇ ಇರಲಿ ಸ್ವಾಮಿ, ಅದನ್ನು ಯಾರೂ ಕೇಳ್ತಾ ಇಲ್ಲ. ನೆಲ ಅದುರಿದ ದಿನ ಸಂಜೆಯೊಳಗೆ ಕನ್ನಡದಲ್ಲಿ ಒಂದು ಹಾಳೆ ತಾಲೂಕು ಕಚೇರಿಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಅಂಟಲಿ: ಇದು ಕಂಪ, ಇದು ಕ್ವಾರಿ, ಇಷ್ಟು ಗಂಟೆಗೆ, ಇಂಥ ಕಡೆ. ಕ್ವಾರಿ ಅಂತಾದರೆ ಯಾರದು, ಪರವಾನಗಿ ಇತ್ತೇ ಅಂತ ಕೇಳೋಕೆ ಪಕ್ಕದ ಮನೆಯ ಗೋಡೆ ಬಿರುಕು ಬಿಟ್ಟವನಿಗೆ ಕೈಯಲ್ಲಿ ಒಂದು ಕಾಗದ ಇರುತ್ತೆ. ಜಿಲ್ಲಾಧಿಕಾರಿಗಳು ಕೇಂದ್ರಕ್ಕೆ ಒಂದು ಪತ್ರ ಬರೆಯಲಿ.