ನೀವು ಮಲಗಿ, ನಾವು ಕೂತಿರುತ್ತೇವೆ

ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಹೆಂಗಸಿಗೆ ಮುಂಬಯಿಯ ಕ್ರೈಸ್ತ ನೆರೆಹೊರೆ ಕೊಡುವ ಸಮಾಧಾನ ಬಹುಮಟ್ಟಿಗೆ ಒಂದೇ ವಾಕ್ಯದ್ದು: ಹೊರಲಾಗದ ಶಿಲುಬೆಯನ್ನು ದೇವರು ಯಾರ ಹೆಗಲ ಮೇಲೂ ಇಡುವುದಿಲ್ಲ. ವಸಾಯಿಯಲ್ಲೂ ಇದೇ, ಕಲೀನಾದಲ್ಲೂ ಇದೇ, ಬೋರಿವಲಿಯ ಐ.ಸಿ. ಕಾಲೊನಿಯಲ್ಲೂ ಇದೇ. ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತವರು ಆಕೆಯ ಕೈ ಹಿಡಿದು ಇದನ್ನು ಹೇಳುತ್ತಾರೆ. ಹೇಳಿದವರ ಮನಸ್ಸು ಹಗುರಾಗುತ್ತದೆ. ಆಕೆ ತಲೆಯಾಡಿಸಿ, ಡಯಾಪರಿನ ಕಟ್ಟು ಕೊಳ್ಳಲು ಮೆಡಿಕಲ್ ಅಂಗಡಿಯ ಕಡೆ ಓಡುತ್ತಾಳೆ.

ಈ ಮಾತು ಬೈಬಲಿನಲ್ಲಿಲ್ಲ. ಇದರ ಮೂಲವೆಂದು ತೋರಿಸುವುದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯದ 13ನೇ ವಚನವನ್ನು. ಅಲ್ಲಿ ಪೌಲ ಮಾತಾಡುತ್ತಿರುವುದು ಶೋಧನೆಯ ಬಗ್ಗೆ, ವಿಗ್ರಹಾರಾಧನೆಯ ಸೆಳೆತದ ಬಗ್ಗೆ. ಪಾರ್ಶ್ವವಾಯು ಬಡಿದ ಮಾವನಿಗೂ ಆ ಅಧ್ಯಾಯಕ್ಕೂ ಸಂಬಂಧವಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ, ಕನ್ನಡದಲ್ಲಿ ಓದುವಾಗ ಅದು ಸುಲಭವಾಗಿ ಕಣ್ತಪ್ಪುತ್ತದೆ. ನಮ್ಮ 'ನೀವು' ಗೌರವಕ್ಕೂ ಆಗುತ್ತದೆ, ಗುಂಪಿಗೂ ಆಗುತ್ತದೆ. ಗ್ರೀಕಿನಲ್ಲಿ ಆ ಪದ ಬಹುವಚನ. ಪೌಲ ಇಡೀ ಸಭೆಯನ್ನು ಉದ್ದೇಶಿಸಿ ಬರೆದದ್ದು. ಸಭೆಗೆ ಹೇಳಿದ ಮಾತನ್ನು ಎತ್ತಿ ಒಬ್ಬ ಸೊಸೆಯ ತಲೆಯ ಮೇಲೆ ಇಡುವುದಕ್ಕೆ ಪ್ರೋತ್ಸಾಹ ಎಂಬ ಹೆಸರು ಬಂದಿದೆ.

ಆ ಸೊಸೆಯ ದಿನ ಹೇಗಿರುತ್ತದೆ ಎಂದು ಲೆಕ್ಕ ಹಾಕುವವರು ಕಡಿಮೆ. ಮೈ ಹೊರಳಿಸಲಾಗದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ದಿನಕ್ಕೆ ಹನ್ನೆರಡು ಸಲ; ಅದರಲ್ಲಿ ನಾಲ್ಕೈದು ಸಲ ರಾತ್ರಿ. ಮೂಗಿನ ನಳಿಗೆಯಲ್ಲಿ ಗಂಜಿ ಕೊಡುವಾಗ ತಲೆ ಎತ್ತಿ ಹಿಡಿದಿರಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು. ಇದೆಲ್ಲ ನಡೆಯುವುದು ಒಂದು ಹಾಲು, ಒಂದು ಅಡುಗೆಮನೆಯ ಮನೆಯಲ್ಲಿ; ರೋಗಿಯ ಮಂಚ ಹಾಲಿನಲ್ಲಿ, ಮಕ್ಕಳ ಓದು ಅಡುಗೆಮನೆಯಲ್ಲಿ. ಲಿಫ್ಟಿಲ್ಲದ ಹಳೆ ಕಟ್ಟಡವಾದರೆ ಡಾಕ್ಟರ ಹತ್ತಿರ ಹೋಗುವುದೆಂದರೆ ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸುವುದು. ಬ್ಯೂರೋದಿಂದ ಬರುವ ಆಯಾಗೆ ತಿಂಗಳಿಗೆ ಕೊಡಬೇಕಾದದ್ದು ಎಷ್ಟೋ ಮನೆಗಳ ಬಾಡಿಗೆಗಿಂತ ಕಡಿಮೆಯಿಲ್ಲ. ಗಂಡ ಬೆಳಗಿನ ಲೋಕಲ್ ಹಿಡಿದರೆ ರಾತ್ರಿಯೇ ಬರುವುದು. ಮಂಗಳೂರು, ಉಡುಪಿಯ ಕಡೆಯಿಂದ ಬಂದ ಕುಟುಂಬಗಳಿಗೆ ಊರಿನಲ್ಲಿ ದೊಡ್ಡಮ್ಮ ಇದ್ದಾರು, ಚಿಕ್ಕಮ್ಮ ಇದ್ದಾರು, ಬೇಲಿಯಾಚೆಯ ಮನೆಯವರು ಇದ್ದಾರು. ಇಲ್ಲಿ ಬಾಗಿಲು ಹಾಕಿಕೊಂಡರೆ ಆಯಿತು.

ಒಬ್ಬರನ್ನು ಸರಿಯಾಗಿ ನೋಡಿಕೊಳ್ಳಲು ಎಷ್ಟು ಕೈ ಬೇಕು ಎಂಬುದಕ್ಕೆ ಈ ನಗರದಲ್ಲೇ ಉತ್ತರವಿದೆ. ಹೊನ್ನಾವರದ ಹತ್ತಿರದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಅಲ್ಲೇ ನಡೆದ ಕ್ರೂರ ಹಲ್ಲೆಯಿಂದ ಮೇಲೇಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ನಲವತ್ತೊಂದು ವರ್ಷಕ್ಕೂ ಮೇಲೆ, ಅವರನ್ನು ನೋಡಿಕೊಂಡದ್ದು ಆ ಆಸ್ಪತ್ರೆಯ ದಾದಿಯರು. ದಯಾಮರಣದ ಅರ್ಜಿಯ ಮೇಲೆ 2011ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿಲ್ಲ ಎಂಬುದನ್ನು ಮೆಚ್ಚಿ ದಾಖಲಿಸಿತು. ಆ ದಾದಿಯರ ಪ್ರೀತಿಯನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಆದರೆ ಪ್ರೀತಿಯ ಹಿಂದೆ ಒಂದು ಪಾಳಿಪಟ್ಟಿ ಇತ್ತು. ಪಾಳಿ ಮುಗಿದವಳು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದಳು, ಹಬ್ಬಕ್ಕೆ ರಜೆ ಹಾಕುತ್ತಿದ್ದಳು, ನಿವೃತ್ತಳಾಗುತ್ತಿದ್ದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಿದ್ದಳು. ಒಂದು ವಾರ್ಡು ತಲೆಮಾರುಗಟ್ಟಲೆ ಹಂಚಿಕೊಂಡು ಮಾಡಿದ ಕೆಲಸವನ್ನು ಮನೆಯಲ್ಲಿ ಒಬ್ಬಳೇ ಮಾಡಿ, ಜೊತೆಗೆ ಮುಗುಳುನಗಬೇಕೆಂದು ಸಭೆ ಬಯಸುತ್ತದೆ.

ಬೈಬಲ್ ದಣಿದವರನ್ನು ಹೀಗೆ ನಡೆಸಿಕೊಳ್ಳುವುದಿಲ್ಲ. ಎಲೀಯ ಜಾಲಿ ಗಿಡದ ಕೆಳಗೆ ಬಿದ್ದು ಸಾವನ್ನು ಬೇಡಿದಾಗ ದೂತ ಅವನ ವಿಶ್ವಾಸವನ್ನು ಪರೀಕ್ಷಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಕುಡಿದು ಅವನು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟ, ಆಮೇಲೆ ಎರಡನೇ ಸಲ ಎಬ್ಬಿಸಿ ಉಣಿಸಿದ. ದೇವರ ಮಾತು ಕೇಳಿಸಿದ್ದು ಅದಾದ ನಲವತ್ತು ದಿನಗಳ ನಡಿಗೆಯ ನಂತರ. ಮೋಶೆಯ ಕೈ ಸೋತಾಗ ಅವನಿಗೆ ಕೂರಲು ಕಲ್ಲು ತಂದಿಟ್ಟು ಆರೋನ, ಹೂರ ಇಬ್ಬರೂ ಆಚೀಚೆ ನಿಂತು ಕೈ ಎತ್ತಿಹಿಡಿದರು. ಮುಂದಿನ ಅಧ್ಯಾಯದಲ್ಲೇ ಮಾವ ಇತ್ರೋ ಬಂದು, ಒಬ್ಬನೇ ಇದನ್ನೆಲ್ಲ ಮಾಡಿದರೆ ನೀನು ಬಸವಳಿದುಹೋಗುತ್ತೀ ಎಂದು ಗದರಿ ಕೆಲಸ ಹಂಚಿಸಿದ. ಕಪೆರ್ನೌಮಿನ ಪಾರ್ಶ್ವವಾಯು ರೋಗಿಯನ್ನು ಹೊತ್ತವರು ನಾಲ್ವರು. ಇಷ್ಟೂ ಕಡೆ ಧೈರ್ಯ ತುಂಬುವುದೆಂದರೆ ಊಟ, ನಿದ್ದೆ, ಇನ್ನೆರಡು ಕೈ. ಗೆತ್ಸೆಮನೆಯಲ್ಲಿ ಯೇಸು ಸ್ವತಃ ಗೆಳೆಯರನ್ನು ಕೇಳಿಕೊಂಡದ್ದೂ ಜೊತೆಗೆ ಎಚ್ಚರವಾಗಿರಿ ಎಂದಷ್ಟೇ. ಅವರು ನಿದ್ದೆಹೋದರು. ಸಭೆಯ ಈ ಅಭ್ಯಾಸ ಹಳೆಯದು.

ಈಗಿನ ಭೇಟಿಗಳು ಹೇಗಿರುತ್ತವೆ? ಮನೆಯಲ್ಲಿ ಮಲಗಿರುವವರಿಗೆ ಚರ್ಚಿನಿಂದ ಪರಮಪ್ರಸಾದ ತರುತ್ತಾರೆ. ಅವರು ಬರುವ ದಿನ ಆಕೆಗೆ ಕೆಲಸ ಹೆಚ್ಚು. ಹಾಸಿಗೆಯ ಹೊದಿಕೆ ಬದಲಿಸಬೇಕು, ವಾಸನೆ ಹೋಗಲು ಊದುಬತ್ತಿ ಹಚ್ಚಬೇಕು, ಮೇಜಿನ ಮೇಲಿನ ಔಷಧಿ ಬಾಟಲಿ ಸರಿಸಿ ಮೇಣದಬತ್ತಿ, ಶಿಲುಬೆ ಇಡಬೇಕು, ಬಂದವರಿಗೆ ಚಹಾ ಮಾಡಬೇಕು. ಹತ್ತು ನಿಮಿಷದ ಪ್ರಾರ್ಥನೆ, ರೋಗಿಯ ಹಣೆಗೆ ಕೈ, ಆಕೆಗೆ ಆ ಒಂದು ವಾಕ್ಯ. ರೋಗಿಗೆ ಅದರಿಂದ ಎಷ್ಟು ನೆಮ್ಮದಿ ಎಂದು ಕಂಡವರಿಗೆ ಗೊತ್ತು, ಆ ಸಂಸ್ಕಾರವನ್ನು ಕಡಿಮೆಯೆನ್ನುವ ಮಾತೇ ಇಲ್ಲ. ಆದರೆ ಚಹಾದ ಲೋಟ ತೊಳೆಯದೆ ಎದ್ದುಹೋಗುವ ಕರುಣೆ ಎಂಥದು? ಅದೇ ಇಬ್ಬರು ಇನ್ನೆರಡು ಗಂಟೆ ಕೂತಿದ್ದರೆ ಆಕೆ ತನ್ನದೇ ಹಲ್ಲುನೋವಿಗೆ ಡಾಕ್ಟರನ್ನು ಕಂಡು ಬರಬಹುದಿತ್ತು.

ಕ್ರೈಸ್ತರಿಗೆ ಬೇರೆ ಥರ ಮಾಡಲು ಬರುವುದಿಲ್ಲ ಎನ್ನುವಂತಿಲ್ಲ. ಬಾಂದ್ರಾದ ಮೌಂಟ್ ಮೇರಿಗೆ ಹತ್ತಿ ಬರುವವರು ಮೇಣದ ಕೈ, ಮೇಣದ ಕಾಲು ಹರಕೆ ಒಪ್ಪಿಸುತ್ತಾರೆ. ಅಲ್ಲೇ ಹತ್ತಿರದಲ್ಲಿ ಡಾ. ಎಲ್.ಜೆ. ಡಿಸೋಜ 1986ರಲ್ಲಿ ಆರಂಭಿಸಿದ ಶಾಂತಿ ಆವೇದನಾ ಸದನವಿದೆ, ದೇಶದ ಮೊದಲ ಹಾಸ್ಪಿಸ್. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಜಾತಿ, ಮತ ಕೇಳದೆ, ಹಣ ಕೇಳದೆ ನೋಡಿಕೊಳ್ಳುತ್ತಾರೆ. ಮರೆವಿನ ಕಾಯಿಲೆಯ ಅಜ್ಜಿಗೆ, ಲಕ್ವ ಹೊಡೆದ ಅಪ್ಪನಿಗೆ ಅದು ಆಗುವುದಿಲ್ಲ. ಅವರ ಪಾಲಿಗೆ ಇರುವುದು ಮನೆ, ಮನೆಯಲ್ಲಿ ಆ ಒಬ್ಬಳು.

ಆ ಒಬ್ಬಳು ಸೋತು, ಯಾವುದಾದರೂ ಆಶ್ರಮಕ್ಕೆ ಸೇರಿಸೋಣವೇ ಎಂದು ಬಾಯಿಬಿಟ್ಟರೆ ಸಾಕು, ಇಡೀ ಕಟ್ಟಡಕ್ಕೆ ನಾಲಗೆ ಬರುತ್ತದೆ. ಕೆನಡಾದಿಂದ ಮೈದುನನ ಫೋನೂ ಬರುತ್ತದೆ: ಅಪ್ಪನನ್ನು ಹೊರಗೆ ಹಾಕುತ್ತೀರಾ ಅತ್ತಿಗೆ? ಮುಂಬಯಿಯ ಕಥೋಲಿಕರು ಮಕ್ಕಳಿಗೆ ಹೆಸರಿಡುವಷ್ಟು ಪ್ರೀತಿಸುವ ಸಂತ ತೆರೇಸಾಳ ಮನೆಯ ಕತೆ ಇವರಿಗೆ ಗೊತ್ತಿದ್ದಂತಿಲ್ಲ. ಲಿಸ್ಯೂವಿನ ಆ ತೆರೇಸಾಳ ತಂದೆ ಲೂಯಿ ಮಾರ್ಟಿನ್ ಬುದ್ಧಿ ಸ್ವಾಧೀನ ತಪ್ಪಿದಾಗ ಅವರನ್ನು 1889ರಲ್ಲಿ ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮೂರು ವರ್ಷ ಅಲ್ಲಿದ್ದರು. ಅಲ್ಲಿನ ಜನ ಆಗಲೂ ಆಡಿಕೊಂಡರು, ಮಗಳು ಮಠ ಸೇರಿದ್ದೇ ಇದಕ್ಕೆ ಕಾರಣವೆಂದರು. 1892ರಲ್ಲಿ ಮನೆಗೆ ಕರೆತಂದ ಮೇಲೆ ಮಗಳು ಸೆಲೀನ್ ಕೊನೆತನಕ ನೋಡಿಕೊಂಡಳು. ಅವಳಿಗೆ ಮನೆಯಲ್ಲಿ ಸಹಾಯದವರಿದ್ದರು, ಸೋದರಮಾವನ ಕುಟುಂಬದ ಆಸರೆಯಿತ್ತು. ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ಆ ಮನೆಯಿಂದಲೇ ರೋಮ್ ಮಗಳನ್ನೂ, 2015ರಲ್ಲಿ ತಂದೆ ತಾಯಿಯರನ್ನೂ ಸಂತರೆಂದು ಸಾರಿತು. ಮೈದುನನಿಗೆ ಯಾರಾದರೂ ಇದನ್ನು ಹೇಳಬೇಕು. ಯೇಸು ಕೊರ್ಬಾನಿನ ಬಗ್ಗೆ ಸಿಟ್ಟಾದದ್ದೂ ಇಂಥವರ ಮೇಲೆಯೇ: ಹೆತ್ತವರಿಗೆ ಸಲ್ಲಬೇಕಾದದ್ದನ್ನು ದೇವರ ಹೆಸರಿಗೆ ಬರೆದು ಕೈತೊಳೆದುಕೊಂಡವರ ಮೇಲೆ. ಇಂದಿನ ಕೊರ್ಬಾನ್ ದೂರದಿಂದ ಕಳಿಸುವ ಪ್ರಾರ್ಥನೆಯ ವಾಟ್ಸ್ಆ್ಯಪ್ ಸಂದೇಶ.

ಪ್ರಾರ್ಥನೆಯಿಂದ ಬಲ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಮಾಹಿಮ್‌ನ ಸೇಂಟ್ ಮೈಕೆಲ್ ಚರ್ಚಿನಲ್ಲಿ 1948ರಿಂದ ನಡೆದಿರುವ ಬುಧವಾರದ ನೊವೆನಾಕ್ಕೆ ಜಾತಿಮತ ಮರೆತು ಸಾವಿರಾರು ಜನ ಸೇರುತ್ತಾರೆ. ಅವರಲ್ಲಿ ಮನೆಯಲ್ಲಿ ರೋಗಿಯನ್ನು ಬಿಟ್ಟು ಬಂದವರೂ ಇರುತ್ತಾರೆ, ಆ ಒಂದು ಗಂಟೆಯಿಂದ ಅವರ ವಾರ ಸಾಗುತ್ತದೆ. ಆದರೆ ಆಕೆ ಮಾಹಿಮ್‌ಗೆ ಬರಬೇಕಾದರೆ ಅಷ್ಟು ಹೊತ್ತು ರೋಗಿಯ ಪಕ್ಕ ಇನ್ನೊಬ್ಬರು ಕೂತಿರಬೇಕು. ಯಾರೂ ಕೂರದ ಮನೆಯವಳು ನೊವೆನಾಕ್ಕೂ ಬರಲಾರಳು.

ಮುಂಬಯಿಯ ಧರ್ಮಕೇಂದ್ರಗಳಲ್ಲಿ ಕಿರು ಸಮುದಾಯಗಳಿವೆ, ಊರಿನ ವಾಳೆಗಳಿಗೆ ಗುರ್ಕಾರರು ಇರುವಂತೆ ಅವಕ್ಕೂ ಮುಂದಾಳುಗಳಿದ್ದಾರೆ. ಹಬ್ಬದ ಅಲಂಕಾರಕ್ಕೆ, ಜಪಸರಕ್ಕೆ ಮನೆ ಮನೆ ಹಂಚಿ ಪಟ್ಟಿ ಮಾಡುವುದು ಅವರಿಗೆ ಕರತಲಾಮಲಕ. ಇಪ್ಪತ್ತು ಮನೆಗಳ ಒಂದು ಸಮುದಾಯ, ಮನೆಗೆ ತಿಂಗಳಿಗೆ ಎರಡು ಗಂಟೆ ಕೊಟ್ಟರೆ ನಲವತ್ತು ಗಂಟೆ. ಒಬ್ಬ ರೋಗಿಯ ಮನೆಗೆ ವಾರಕ್ಕೆ ಹತ್ತು ಗಂಟೆಯ ಬಿಡುವು. ಹೊರಗಿನವರ ಮುಂದೆ ಮಾವನ ಬಟ್ಟೆ ಬಿಚ್ಚಲು ಮುಜುಗರವಾಗುತ್ತದೆ, ನಿಜ. ಮೊದಲ ತಿಂಗಳು ಬರೀ ಕೂತಿದ್ದರೂ ನಡೆಯುತ್ತದೆ, ಆಕೆ ಒಳಗೆ ಮಲಗಲಿ. ಮಗ್ಗುಲು ತಿರುಗಿಸುವುದು, ನಳಿಗೆಯಲ್ಲಿ ಆಹಾರ ಕೊಡುವುದು ಕಲಿಯಬಹುದಾದ ಕೆಲಸ. ಕಲಿಸುವವರೂ ದೂರವಿಲ್ಲ. ಈ ನಗರದ ಆಸ್ಪತ್ರೆಗಳಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಮಂಗಳೂರಿನ, ಕೇರಳದ ನರ್ಸಮ್ಮಂದಿರು ಪ್ರತಿ ಭಾನುವಾರ ಚರ್ಚಿನ ಬೆಂಚುಗಳಲ್ಲಿ ಕೂತಿರುತ್ತಾರೆ. ಅವರನ್ನು ಹೂಜೋಡಿಸಲು ಕರೆದವರುಂಟು, ಇದಕ್ಕೆ ಕರೆದವರು ಅಪರೂಪ.